ಮುಳ್ಳಿನ ತೂಕ

ದೊಡ್ಡನೆಕ್ಕುಂದಿಯ ಶ್ಯಾಮಣ್ಣನಿಗೆ ಎಪ್ಪತ್ತೊಂದನೇ ವಯಸ್ಸಿನಲ್ಲಿ ಒಂದು ಹೊಸ ತಲೆನೋವು ಅಂಟಿಕೊಂಡಿತು. ಪ್ಲೇಟು ಹಾಕುವ ಮಿಷನ್ ಒಂದನ್ನು ಕೊಳ್ಳಬೇಕಾಗಿತ್ತು. ಯಾವುದನ್ನು ಕೊಂಡರೆ ಪ್ಲೇಟಿಗೆ ಕ್ಷೇಮ ಎಂಬುದು ಮಾತ್ರ ಯಾರನ್ನು ಕೇಳಿದರೂ ಬಗೆಹರಿಯುತ್ತಿರಲಿಲ್ಲ.

ಪ್ಲೇಟು ಅಂದರೆ ಹಾಡಿನ ರೆಕಾರ್ಡು. ಮೈಕ್‌ಸೆಟ್ಟಿನವರೆಲ್ಲ ಅದನ್ನು ಕರೆಯುತ್ತಿದ್ದದ್ದು ಹಾಗೇ. ಶ್ಯಾಮಣ್ಣ ಇಪ್ಪತ್ತೈದು ವರ್ಷ ಮೈಕ್‌ಸೆಟ್ ನಡೆಸಿದವನು. ಮದುವೆಯೋ ಗೃಹಪ್ರವೇಶವೋ, ಸುತ್ತಲ ಏಳೆಂಟು ಹಳ್ಳಿಯಲ್ಲಿ ಎಲ್ಲೇ ಹುಣಿಸೆಮರಕ್ಕೆ ಹಾರ್ನು ಕಟ್ಟಿದ್ದರೂ ಕೆಳಗೆ ಮಂಚದ ಮೇಲೆ ಮಿಷನ್ ಇಟ್ಟುಕೊಂಡು ಕೂತಿರುತ್ತಿದ್ದವನು ಅವನೇ. ಕ್ಯಾಸೆಟ್ಟು ಬಂತು, ಆಮೇಲೆ ಏನೇನೋ ಬಂತು, ಅವನು ಮೈಕ್‌ಸೆಟ್ ಬಿಟ್ಟು ರಾಗಿ ಹೊಲದಲ್ಲಿ ಬಾಡಿಗೆ ರೂಮು ಕಟ್ಟಿಸಿದ. ಆದರೆ ಪ್ಲೇಟುಗಳನ್ನು ಮಾತ್ರ ಯಾರಿಗೂ ಕೊಡಲಿಲ್ಲ. ಮುನ್ನೂರ ನಲವತ್ತು ಪ್ಲೇಟು, ಎರಡು ಕಬ್ಬಿಣದ ಟ್ರಂಕು. ಮಲಗಿಸಿದರೆ ಸೊಟ್ಟಗಾಗುತ್ತವೆ ಅಂತ ಎಲ್ಲವನ್ನೂ ನಿಲ್ಲಿಸಿ, ನಡುನಡುವೆ ಹಳೇ ಪಂಚೆ ತುರುಕಿ, ಮನೆಯ ತಂಪು ಮೂಲೆಯಲ್ಲಿ ಇಟ್ಟುಕೊಂಡಿದ್ದ.

ಆ ಮುನ್ನೂರ ನಲವತ್ತರಲ್ಲಿ ಒಂದು ಪ್ಲೇಟು ಬೇರೆಯದೇ. ಅದರಲ್ಲಿ ಹಾಡಿದವಳು ಅವನ ಸ್ವಂತ ಅಕ್ಕ ಪಿಳ್ಳಮ್ಮ. ಅದ್ಯಾವುದೋ ಸಣ್ಣ ಕಂಪನಿಯವರು ಸೋಬಾನೆ ಹಾಡುವವರನ್ನು ಹುಡುಕಿಕೊಂಡು ಊರಿಗೆ ಬಂದಿದ್ದ ಕಾಲ ಅದು. ಪಿಳ್ಳಮ್ಮನೂ ಇನ್ನು ನಾಲ್ಕು ಜನ ಹೆಂಗಸರೂ ಬೆಳಿಗ್ಗೆ ಎದ್ದು ಟ್ರಾಕ್ಟರ್ ಹತ್ತಿ ಹೋದವರು, ಗಾಜಿನ ರೂಮಿನಲ್ಲಿ ನಿಂತು ಹಾಡಿ, ಸಂಜೆ ಹಸುವಿಗೆ ಹುಲ್ಲು ಹಾಕುವ ಹೊತ್ತಿಗೆ ವಾಪಸ್ಸು ಬಂದಿದ್ದರು. ಕಂಪನಿ ಮುಚ್ಚಿಹೋಯಿತು. ಊರಿಗೆ ಬಂದಿದ್ದ ಮೂರು ಪ್ಲೇಟಿನಲ್ಲಿ ಒಂದು ಕೈಜಾರಿ ಒಡೆಯಿತು. ಇನ್ನೊಂದನ್ನು ಯಾರೋ ಪುಣ್ಯಾತ್ಗಿತ್ತಿ ಬಿಸಿ ಸಾರಿನ ಪಾತ್ರೆಗೆ ಮುಚ್ಚಿ ಹಪ್ಪಳ ಮಾಡಿಬಿಟ್ಟಳು. ಉಳಿದದ್ದು ಶ್ಯಾಮಣ್ಣನ ಟ್ರಂಕಿನದೊಂದೇ.

ಎರಡು ವರ್ಷದ ಹಿಂದೆ ಪಿಳ್ಳಮ್ಮನ ಗಂಟಲಿಗೆ ಆಪರೇಷನ್ ಆಯಿತು. ಗಡ್ಡೆಯ ಜೊತೆಗೆ ದನಿಯೂ ಹೋಯಿತು. ಈಗ ಅವಳು ಬಾಯಿ ತೆರೆದರೆ ಕಾಳು ಹಾಕದೆ ಬೀಸೋಕಲ್ಲು ತಿರುಗಿಸಿದ ಹಾಗೆ ಕೇಳುತ್ತದೆ. ಅಂಥ ಹೊತ್ತಿನಲ್ಲಿ ಅವಳ ಮೊಮ್ಮಗಳು ದಿವ್ಯಾಳಿಗೆ ಮದುವೆ ಗೊತ್ತಾಯಿತು. ಊರಿನ ಹೆಣ್ಣುಮಕ್ಕಳಿಗೆಲ್ಲ ಸೋಬಾನೆ ಹಾಡಿದವಳು ಸ್ವಂತ ಮೊಮ್ಮಗಳ ಎಣ್ಣೆ ಶಾಸ್ತ್ರದಲ್ಲಿ ಬಾಯಿ ಮುಚ್ಚಿ ಕೂರುವುದು ಹೇಗೆ?

ಒಂದು ದಿನ ಪಿಳ್ಳಮ್ಮ ತಮ್ಮನ ಮನೆ ಜಗಲಿಗೆ ಬಂದು ಕೂತಳು.

"ಶ್ಯಾಮ, ಆ ಪ್ಲೇಟು ಐತೇನೋ ಇನ್ನೂ?"

"ಐತೆ ಅಕ್ಕಯ್ಯ. ಎಲ್ಲಿಗ್ ಓಗುತ್ತೆ?"

"ಅಂಗಾರೆ ಅದ್ನೇ ಆಕ್ಬುಡು. ನಾನು ಸುಮ್ಕೆ ತಲೆ ಆಡುಸ್ಕಂಡು ಕುಂತಿರ್ತೀನಿ. ಬಂದೋರು ಮುದುಕಿ ಇನ್ನೂ ಆಡ್ತಾವ್ಳೆ ಅಂದ್ಕಳ್ಳಿ."

ಶ್ಯಾಮಣ್ಣ ಹೂಂ ಅಂದುಬಿಟ್ಟ. ಅಂದಮೇಲೆ ಹಳೇ ಮಿಷನ್ ಇಳಿಸಿ ನೋಡಿದರೆ ಮೋಟಾರು ಕಚ್ಚಿಕೊಂಡಿತ್ತು, ಪ್ಲೇಟಿನ ಜಾಡಿನಲ್ಲಿ ಓಡುವ ಮುಳ್ಳು ಉದುರಿಹೋಗಿತ್ತು. ಹೊಸದೇ ಬೇಕು.

ದಿವ್ಯಾ ಮಹದೇವಪುರದಲ್ಲಿ ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಕೆಲಸ ಮಾಡುವವಳು. ಅವಳು ಸುಲಭದ ದಾರಿ ತೋರಿಸಿದಳು. "ತಾತ, ಯಾರ್ ಹತ್ರಾನಾದ್ರೂ ಮಿಷನ್ ಇಸ್ಕೊಂಡು ಈಗ್ಲೇ ಒಂದ್ಸಲ ಹಾಕ್ಬಿಡೋಣ. ನಾನು ಫೋನಲ್ಲಿ ರೆಕಾರ್ಡ್ ಮಾಡ್ಕೋತೀನಿ. ಆಮೇಲೆ ಪ್ಲೇಟ್ ಮುಟ್ಟೋದೇ ಬೇಡ."

ಪಿಳ್ಳಮ್ಮ ಒಪ್ಪಲಿಲ್ಲ. "ಎಣ್ಣೆ ಅರಿಸ್ನ ಇಲ್ದೆ ಮನೇಲಿ ಸೋಬಾನೆ ಆಡುಸ್ತಾರಾ? ಶಾಸ್ತ್ರ ಇಲ್ದೆ ಅದ್ನ ಬಾಯಲ್ಲಿ ತರಬಾರ್ದು ಅಂತ ನಮ್ಮವ್ವ ಏಳಿಲ್ವಾ?"

"ಅದು ರೆಕಾರ್ಡ್ ಅಜ್ಜಿ, ಬಾಯಲ್ಲ."

"ರೆಕಾರ್ಡ್ ಒಳಗಿರೋ ಬಾಯಿ ಯಾರ್ದು? ನಂದೇ ತಾನೆ?"

ಕೊನೆಗೆ ಶಾಸ್ತ್ರದ ದಿನವೇ ಪ್ಲೇಟು ಹಾಕುವುದು, ಹಾಕಿದಾಗಲೇ ಫೋನಿನಲ್ಲಿ ಹಿಡಿದುಕೊಳ್ಳುವುದು ಅಂತ ತೀರ್ಮಾನವಾಯಿತು. ಅಲ್ಲಿಗೆ ಶ್ಯಾಮಣ್ಣನ ತಲೆಯ ಮೇಲೆ ಇನ್ನೊಂದು ಕಲ್ಲು ಬಿತ್ತು. ಮೊದಲೇ ಹಾಕಿ ನೋಡುವ ಹಾಗಿಲ್ಲ. ಇರುವುದು ಒಂದೇ ಪ್ಲೇಟು. ಹೊಸ ಮಿಷನ್ ಏನಾದರೂ ಕೈಕೊಟ್ಟು ಮುಳ್ಳು ಅಡ್ಡಡ್ಡ ಎಳೆದುಬಿಟ್ಟರೆ ಪಿಳ್ಳಮ್ಮನ ದನಿ ಈ ಭೂಮಿಯ ಮೇಲೆ ಇನ್ನೆಲ್ಲೂ ಇರುವುದಿಲ್ಲ.

ಮರುದಿನ ಅವನು ರಿಂಗ್ ರೋಡಿನ ಮಾಲಿಗೆ ಹೋದ. ಮೂರನೇ ಮಹಡಿಯಲ್ಲಿ ಹಾಡಿನ ಸಾಮಾನು ಮಾರುವ ಅಂಗಡಿ. ಅಲ್ಲಿದ್ದ ಲಿಖಿತ್ ಎಂಬ ಗಡ್ಡದ ಹುಡುಗನಿಗೆ ಪ್ಲೇಟುಗಳೆಂದರೆ ಪ್ರಾಣ ಅಂತ ನೋಡಿದರೇ ಗೊತ್ತಾಗುತ್ತಿತ್ತು.

"ಬೆಲ್ಟ್ ಡ್ರೈವ್ ನೋಡ್ತೀರಾ ಸಾರ್, ಡೈರೆಕ್ಟ್ ಡ್ರೈವಾ?"

ಶ್ಯಾಮಣ್ಣನಿಗೆ ಬೆಲ್ಟು ಅಂದರೆ ಹಿಟ್ಟಿನ ಮಿಲ್ಲು ನೆನಪಾಯಿತು. "ಅದೆಲ್ಲ ಬೇಡ ಕಣಪ್ಪ. ಪ್ಲೇಟ್ ಹಾಳ್ ಮಾಡ್ದಿರೋದು ಯಾವ್ದೈತೆ, ಅದ್ನ ತೋರ್ಸು."

"ಅದು ಟ್ರ್ಯಾಕಿಂಗ್ ಫೋರ್ಸ್ ಮೇಲೆ ಹೋಗುತ್ತೆ ಸಾರ್. ಅಂದ್ರೆ ಮುಳ್ಳು ಎಷ್ಟು ಭಾರ ಕೂರುತ್ತೆ ಅಂತ. ಇದ್ರಲ್ಲಿ ಒನ್ ಪಾಯಿಂಟ್ ಎಯ್ಟ್. ಸಕ್ಕತ್ ಸೇಫು."

"ಒನ್ ಪಾಯಿಂಟ್ ಎಯ್ಟ್ ಏನಪ್ಪಾ?"

"ಗ್ರಾಮ್ ಸಾರ್."

ಹುಡುಗ ತಮಾಷೆ ಮಾಡುತ್ತಿದ್ದಾನೆ ಅಂದುಕೊಂಡ ಶ್ಯಾಮಣ್ಣ. ಎರಡು ಗ್ರಾಮೂ ಇಲ್ಲವೇ? ಅವನು ಆ ಮಿಷನ್ನಿನ, ಮುಳ್ಳು ಹೊತ್ತ ಕೈಯನ್ನು ಬೆರಳಲ್ಲಿ ಎತ್ತಿ ನೋಡಿದ. ಮಿಡತೆಯ ಕಾಲು ಹಿಡಿದ ಹಾಗಿತ್ತು. ಫ್ಯಾನು ಹಾಕಿದರೆ ಹಾರಿಹೋಗುವಂತಿತ್ತು. ಇಂಥದ್ದು ಪ್ಲೇಟನ್ನು ಕಾಯುತ್ತದೆಯೇ?

ಅವನಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೈಕ್‌ಸೆಟ್ಟಿನವರಿಗೆ ಒಂದು ಕಟ್ಟಳೆಯಿತ್ತು. ಚಪ್ಪರದಲ್ಲಿ ಹುಡುಗರು ಕುಣಿಯುತ್ತಾರೆ, ಪಕ್ಕದಲ್ಲಿ ತಮಟೆ ಬಡಿಯುತ್ತಾರೆ, ಮಿಷನ್ ಇಟ್ಟ ಮಂಚ ಅಲ್ಲಾಡುತ್ತದೆ. ಮುಳ್ಳು ಜಿಗಿದು ಹಾಡು ಹಾರಿದರೆ ಮಾನ ಹೋಯಿತು. ಅದಕ್ಕೆ ಮುಳ್ಳಿನ ತಲೆಯ ಮೇಲೆ ಒಂದು ಎಂಟಾಣೆ ನಾಣ್ಯ ಇಡುವುದು. ಅವನಿಗೆ ಕೆಲಸ ಕಲಿಸಿದ ಆವಲಪ್ಪ ಮೇಸ್ತ್ರಿಯ ಮಾತು ಇವತ್ತಿಗೂ ಕಿವಿಯಲ್ಲಿತ್ತು. "ಭಾರ ಇಲ್ದಿರೋ ಮುಳ್ಳು, ಬುದ್ಧಿ ಇಲ್ದಿರೋ ಅಳಿಯ, ಎರಡೂ ಇಟ್ಟ ಜಾಗ್ದಲ್ಲಿ ಇರಕ್ಕಿಲ್ಲ ಕಣ್ಲಾ." ಇಪ್ಪತ್ತೈದು ವರ್ಷ ಶ್ಯಾಮಣ್ಣನ ಹಾಡು ಹಾರಲಿಲ್ಲ.

ಹಾಗಾಗಿ ಅಂಗಡಿಯಲ್ಲಿದ್ದದ್ದರಲ್ಲೆಲ್ಲ ಯಾವುದರ ಮುಳ್ಳು ಗಟ್ಟಿಯಾಗಿ ಕೂರುತ್ತದೋ ಅದನ್ನೇ ಆರಿಸಿದ. ಸೂಟ್‌ಕೇಸಿನ ಹಾಗೆ ಮುಚ್ಚುವ, ಕೆಂಪು ಮುಳ್ಳಿನ ಒಂದು ಪುಟ್ಟ ಮಿಷನ್.

ಲಿಖಿತ್ ತಲೆ ಕೆರೆದುಕೊಂಡ. "ಸಾರ್, ಇದು ಶೋಕಿಗೆ ತಗೊಳ್ಳೋದು. ಪ್ಲೇಟ್ ಸ್ವಲ್ಪ ತಿನ್ನುತ್ತೆ."

"ತಿನ್ನಕ್ಕೆ ಅದೇನ್ ಮೇಕೇನಪ್ಪಾ?" ಎಂದು ಶ್ಯಾಮಣ್ಣ ಅದನ್ನು ಕಂಕುಳಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಮನೆಗೆ ಬಂದು ಯಾವುದೋ ಹಳೇ ಸಿನಿಮಾ ಹಾಡಿನ ಪ್ಲೇಟು ಹಾಕಿದ. ಹಾಡಿತು, ಹಾರಲಿಲ್ಲ. ಅವನು ಮಂಚ ಅಲ್ಲಾಡಿಸಿಯೂ ನೋಡಿದ. ಸದ್ದು ಕೇಳಿ ಮೇಲಿನ ರೂಮಿನಿಂದ ಸಂಗಣ್ಣ ಇಳಿದುಬಂದ. ಸಂಗಣ್ಣ ಬಾಗಲಕೋಟೆ ಕಡೆಯವನು, ಶ್ಯಾಮಣ್ಣನ ಬಾಡಿಗೆದಾರ. ಅಲ್ಲೇ ಇಂಡಸ್ಟ್ರಿಯಲ್ ಏರಿಯಾದ ಫ್ಯಾಕ್ಟರಿಯೊಂದರಲ್ಲಿ, ಲೇತಿನಿಂದ ಇಳಿದ ಸಾಮಾನು ಅಳತೆಗೆ ಸರಿಯಿದೆಯೋ ಇಲ್ಲವೋ ನೋಡುವುದು ಅವನ ಕೆಲಸ. ಹತ್ತು ವರ್ಷದಿಂದ ಅದೇ ಕೆಲಸ ಮಾಡಿ ಮಾಡಿ ಅವನ ಕಣ್ಣು ಎಲ್ಲದರ ತುದಿಯನ್ನೇ ಮೊದಲು ನೋಡುತ್ತಿತ್ತು.

"ಅಣ್ಣಾರ, ಮುಳ್ಳಿನ ತುದಿಗೆ ಏನೋ ಕರ್ರಗ ಹತ್ತೇತಲ್ರೀ?"

"ಧೂಳು ಕಣಪ್ಪ. ಯಾವಾಗ್ಲೂ ಬರುತ್ತೆ. ಉಫ್ ಅಂದ್ರೆ ಓಗುತ್ತೆ."

ಶ್ಯಾಮಣ್ಣ ಊದಲು ಬಾಯಿ ಮುಂದೆ ಮಾಡಿದ. ಸಂಗಣ್ಣ ಕೈ ಅಡ್ಡ ಹಿಡಿದ. "ತಡೀರಿ, ತಡೀರಿ." ಓಡಿಹೋಗಿ ರೂಮಿನಿಂದ ಭೂತಗನ್ನಡಿ ತಂದ. ಕಣ್ಣಿಗೆ ಸಿಕ್ಕಿಸಿಕೊಂಡು ನೋಡುವ ಪುಟ್ಟ ಕನ್ನಡಿ ಅದು. ಆ ಕಪ್ಪನ್ನು ಬಿಳೀ ಕಾಗದದ ಮೇಲೆ ಉದುರಿಸಿ ಬಗ್ಗಿ ನೋಡಿದ. ನೋಡುತ್ತಲೇ ಇದ್ದ.

"ಏನ್ಲಾ ಅದು?"

"ಧೂಳ ಹಿಂಗ ಇರೂದಿಲ್ರಿ. ಸುಳಿ ಸುಳಿ ಐತಿ. ಲೇತಿನಾಗ ಕಬ್ಬಿಣ ಹೆರದಾಗ ಸುರುಳಿ ಬೀಳ್ತಾವಲ್ಲ, ಅದರ ಮರಿ ಇದ್ದಂಗ ಐತಿ. ಇದು ಪ್ಲೇಟಿನ ಮೈರೀ ಅಣ್ಣಾರ. ಮುಳ್ಳು ಹೆರದೈತಿ."

ಶ್ಯಾಮಣ್ಣನಿಗೆ ಅರ್ಥವಾಗಲಿಲ್ಲ. ಅರ್ಥವಾಗದ್ದಕ್ಕೆ ಸಿಟ್ಟೂ ಬಂತು. "ಈ ಮಿಷನ್ ಸರಿ ಇಲ್ಲ ಅನ್ನು. ನನ್ ಹಳೇ ಮಿಷನ್ನಲ್ಲಿ ಎಂಟಾಣೆ ಇಟ್ಟು ಹಾಕ್ತಿದ್ದೆ, ಒಂದ್ ದಿನ ಕೂಡ..." ಎಂದವನು ಅಲ್ಲಿಗೇ ನಿಲ್ಲಿಸಿದ. ಯಾಕೆಂದರೆ ಅಲ್ಲೂ ಈ ಕಪ್ಪು ಬರುತ್ತಿತ್ತು. ಇದಕ್ಕಿಂತ ಜಾಸ್ತಿಯೇ ಬರುತ್ತಿತ್ತು. ಪ್ರತಿ ಹಾಡು ಮುಗಿದ ಮೇಲೂ ಊದಿ ಹಾರಿಸುವುದು ಮೈಕ್‌ಸೆಟ್ಟಿನವನಿಗೆ ಬೀಡಿ ಬೂದಿ ಕೊಡವಿದಷ್ಟೇ ಅಭ್ಯಾಸವಾಗಿತ್ತು.

ಸಂಗಣ್ಣ ಮೆಲ್ಲಗೆ ಹೇಳಿದ. "ನಾ ದಿನಾ ಗೇಜ್ ಹಿಡಿಯಾಂವ್ರೀ. ಗೇಜಿನ ತುದಿ ಸಾಮಾನಿಗೆ ಬರೇ ಮುಟ್ಟಬೇಕು, ಒತ್ತಬಾರದು. ಒತ್ತಿದ್ರ ಅಳತಿನೂ ಸುಳ್ಳು, ಸಾಮಾನಿಗೂ ಗೀರು. ಎಂಟಾಣೆ ಅಂದ್ರ ಐದು ಗ್ರಾಮ್ ಬರ್ತೈತಿ. ಸೂಜಿ ತುದಿ ಮ್ಯಾಲ ಐದು ಗ್ರಾಮ್ ಅಂದ್ರ..."

ಶ್ಯಾಮಣ್ಣ ಟ್ರಂಕು ತೆರೆದು ಅಕ್ಕನ ಪ್ಲೇಟನ್ನು ತೆಗೆದ. ಭೂತಗನ್ನಡಿಯನ್ನು ಕಣ್ಣಿಗೆ ಸಿಕ್ಕಿಸಿಕೊಳ್ಳಲು ಬಾರದೆ ಎರಡು ಸಲ ಬೀಳಿಸಿದ. ಮೂರನೇ ಸಲಕ್ಕೆ ಕಂಡಿತು. ಮಿರಿಮಿರಿ ಕಪ್ಪಿನ ನಡುವೆ ಸಣ್ಣ ಸಣ್ಣ ಗೆರೆಗಳೆಲ್ಲ ಬೂದುಬಣ್ಣಕ್ಕೆ ತಿರುಗಿದ್ದವು, ಮಳೆಗಾಲ ಮುಗಿದ ಮೇಲೆ ಗಾಡಿಜಾಡು ಬೆಳ್ಳಗೆ ಒಣಗುತ್ತದಲ್ಲ, ಹಾಗೆ. ಒಂದು ಕಡೆ ಜಾಡು ಪಕ್ಕದ ಜಾಡಿಗೆ ಒಡೆದುಕೊಂಡಿತ್ತು.

ಎಷ್ಟು ಮದುವೆ, ಎಷ್ಟು ಎಣ್ಣೆ ಶಾಸ್ತ್ರ. ಅಕ್ಕಯ್ಯನ ಪ್ಲೇಟು ಅಂತ ಅದಕ್ಕೆ ಬೇರೆಯವಕ್ಕಿಂತ ಜೋಪಾನ ಜಾಸ್ತಿ. ಜೋಪಾನ ಅಂತಲೇ ಎಂಟಾಣೆ ತಪ್ಪಿಸುತ್ತಿರಲಿಲ್ಲ.

"ಅಂಗಾರೆ ನಾನು ಇಷ್ಟ್ ವರ್ಷ ಊದಿ ಊದಿ ಆರುಸ್ತಿದ್ದಿದ್ದು ಏನೋ ಸಂಗಣ್ಣ?"

ಸಂಗಣ್ಣ ಕಾಗದ ಮಡಚುತ್ತ ನಿಂತ. ಸುಳ್ಳು ಹೇಳುವ ಜಾಯಮಾನ ಅವನದಲ್ಲ. "ಎಲ್ಲಾ ಹೋಗಿರೂದಿಲ್ರೀ," ಎಂದ. "ತಳದಾಗ ಇನ್ನೂ ಇರ್ತೈತಿ."

ಆ ಸಂಜೆ ಪಿಳ್ಳಮ್ಮ ಹೊಂಗೆಸೊಪ್ಪಿನ ನೆರಳಿನ ಚಪ್ಪರ ಎಲ್ಲಿಗೆ ಹಾಕಿಸುವುದು ಅಂತ ಕೇಳಲು ಬಂದಳು. ಶ್ಯಾಮಣ್ಣ ಮೂರು ಸಲ ಮಾತು ತೆಗೆದು ಮೂರು ಸಲವೂ ಹೊಂಗೆಸೊಪ್ಪಿಗೇ ತಂದು ನಿಲ್ಲಿಸಿದ. ಅಕ್ಕಯ್ಯ, ನಿನ್ನ ದನಿಯನ್ನು ಡಾಕ್ಟರು ಎರಡು ವರ್ಷದ ಹಿಂದೆ ಕತ್ತರಿಸಿದರು, ಅದಕ್ಕೆ ಮೊದಲೇ ನಾನು ಕೆತ್ತುತ್ತಿದ್ದೆ ಅಂತ ಹೇಗೆ ಹೇಳುವುದು? ಹೇಳಿದರೂ ಅವಳಿಗೆ ಏನರ್ಥವಾದೀತು? ಅವನಿಗೇ ಇನ್ನೂ ಅರ್ಥವಾಗಿರಲಿಲ್ಲ. ಹಗುರವೇ ಕಾಯುವುದು, ಭಾರವೇ ತಿನ್ನುವುದು ಎಂದಾದರೆ ಆವಲಪ್ಪ ಮೇಸ್ತ್ರಿ ಯಾಕೆ ಹಾಗೆ ಹೇಳಿದ? ಹಾಡು ಹಾರದೇ ಇದ್ದದ್ದಾದರೂ ಹೇಗೆ?

ಭಾನುವಾರ ಸಂಗಣ್ಣನನ್ನು ಕರೆದುಕೊಂಡು ಮತ್ತೆ ಮಾಲಿಗೆ ಹೋದ. ಲಿಖಿತ್ ಸೂಟ್‌ಕೇಸ್ ಮಿಷನ್ನನ್ನು ಏನೂ ಕೇಳದೆ ವಾಪಸ್ಸು ಇಟ್ಟುಕೊಂಡ. ಆಮೇಲೆ ಅವನಿಗೂ ಸಂಗಣ್ಣನಿಗೂ ಮಾತು ಕುದುರಿತು. ಒಬ್ಬ ಕಾರ್ಟ್ರಿಜ್ ಅನ್ನುತ್ತಾನೆ, ಇನ್ನೊಬ್ಬ ಲೋಡ್ ಅನ್ನುತ್ತಾನೆ. ಒಬ್ಬ ಅಲೈನ್‌ಮೆಂಟ್ ಅಂದರೆ ಇನ್ನೊಬ್ಬ ಅದಕ್ಕೆ ನಮ್ಮಲ್ಲಿ ಡಯಲ್ ಹಾಕ್ತೀವ್ರೀ ಅನ್ನುತ್ತಾನೆ. ಇಬ್ಬರ ನಡುವೆ ಶ್ಯಾಮಣ್ಣ ಸಂಬಂಧ ಮಾತಾಡಲು ಹೋದ ಹುಡುಗನ ಹಾಗೆ ಕೈಕಟ್ಟಿ ನಿಂತಿದ್ದ.

ಮೂರು ಮಿಷನ್ ಎದುರಿಗೆ ಬಂದವು. ಮೂರೂ ಚೆನ್ನಾಗಿಯೇ ಕಂಡವು. ಒಂದರ ತಟ್ಟೆ ಗಾಜಿನದು. ಇನ್ನೊಂದು ಗುಂಡಿ ಒತ್ತಿದರೆ ತಾನೇ ಎದ್ದು ತಾನೇ ಕೂರುತ್ತದೆ. ಮತ್ತೊಂದಕ್ಕೆ ಎಲ್ಲವನ್ನೂ ಕೈಯಲ್ಲೇ ಮಾಡಬೇಕು.

"ಸಾರ್, ನೀವೇ ಹೇಳಿ," ಎಂದ ಲಿಖಿತ್.

ಶ್ಯಾಮಣ್ಣನಿಗೆ ಗೊತ್ತಿದ್ದದ್ದು ಒಂದೇ ಪ್ರಶ್ನೆ. "ಹಾಡ್ತಾ ಇರೋವಾಗ ಕರೆಂಟ್ ಹೋದ್ರೆ ಮುಳ್ಳು ಎಲ್ಲಿರುತ್ತೆ?"

ಲಿಖಿತನನ್ನು ಇದುವರೆಗೆ ಯಾರೂ ಹೀಗೆ ಕೇಳಿರಲಿಲ್ಲ. ಮೂರನ್ನೂ ಹಾಕಿ, ಪ್ಲಗ್ಗು ಕಿತ್ತು ನೋಡಿದರು. ತಾನೇ ಎದ್ದು ಕೂರುವ ಜಾಣ ಮಿಷನ್ ಕರೆಂಟಿಲ್ಲದೆ ಮುಳ್ಳನ್ನು ಪ್ಲೇಟಿನ ಮೇಲೇ ಬಿಟ್ಟು ಕಲ್ಲಾಯಿತು. ಗಾಜಿನದೂ ಅಷ್ಟೇ. ಮೂರನೆಯದಕ್ಕೆ ಪಕ್ಕದಲ್ಲೊಂದು ಪುಟ್ಟ ಹಿಡಿ ಇತ್ತು. ಕರೆಂಟಿರಲಿ ಬಿಡಲಿ, ಅದನ್ನು ಮೇಲಕ್ಕೆ ತಳ್ಳಿದರೆ ಮುಳ್ಳು ನಿಧಾನ ಮೇಲೇಳುತ್ತದೆ, ಕೆಳಕ್ಕೆಳೆದರೆ ಎಣ್ಣೆಯಲ್ಲಿ ಮುಳುಗಿದ ಹಾಗೆ ನಿಧಾನ ಇಳಿಯುತ್ತದೆ. ಕೈ ನಡುಗುವವನಿಗೂ ಸಾಧ್ಯ.

"ಇದು," ಎಂದ ಶ್ಯಾಮಣ್ಣ. ಹೇಳಿದ ಕೂಡಲೇ ಅನುಮಾನ ಬಂತು. "ಇದೇ ತಾನೇ?" ಎಂದು ಸಂಗಣ್ಣನ ಮುಖ ನೋಡಿದ. ಸಂಗಣ್ಣ ಲಿಖಿತನ ಮುಖ ನೋಡಿದ.

ಶಾಸ್ತ್ರದ ದಿನ ಬೆಳಿಗ್ಗೆ ಸಂಗಣ್ಣ ನಡುಮನೆಯ ಸ್ಲ್ಯಾಬಿನ ಮೇಲೆ ಮಿಷನ್ ಇಟ್ಟು, ರಸಮಟ್ಟ ಹಿಡಿದು ಓರೆಯಿಲ್ಲವೆಂದು ನೋಡಿ, ಪುಟ್ಟ ತಕ್ಕಡಿಯಲ್ಲಿ ಮುಳ್ಳನ್ನು ತೂಗಿ ಸರಿಮಾಡಿದ. ಎರಡು ಗ್ರಾಮಿಗೆ ಸ್ವಲ್ಪ ಕಮ್ಮಿ. ದಿವ್ಯಾಳನ್ನು ಮಣೆಯ ಮೇಲೆ ಕೂರಿಸಿದರು. ಎಂಟು ಹತ್ತು ಹೆಂಗಸರು ಸುತ್ತ ಕೂತರು. ಪಿಳ್ಳಮ್ಮ ಹೊಸ ಸೀರೆ ಉಟ್ಟು ಮೊಮ್ಮಗಳ ಪಕ್ಕದಲ್ಲೇ ಕೂತಳು, ತಲೆ ಆಡಿಸಲು ತಯಾರಾಗಿ. ದಿವ್ಯಾ ಅರಿಸಿನದ ಕೈಯಲ್ಲೇ ಫೋನು ಒತ್ತಿ ಸ್ಪೀಕರಿನ ಮುಂದೆ ಇಟ್ಟಳು.

ಶ್ಯಾಮಣ್ಣ ಹಿಡಿ ಎಳೆದ. ಮುಳ್ಳು ನಿಧಾನ ಇಳಿದು ಕೂತಿತು.

ಮೊದಲು ಬೆಂಕಿಗೆ ಒಣಸೌದೆ ಹಾಕಿದ ಸದ್ದು. ಅದರೊಳಗಿಂದ ಒಂದು ದನಿ ಎದ್ದುಬಂತು. ಮೂವತ್ತೈದು ವರ್ಷದ ಪಿಳ್ಳಮ್ಮ, ಹಿತ್ತಲಲ್ಲಿ ನಿಂತು ಕೂಗಿದರೆ ಕೆರೆ ಏರಿಗೆ ಕೇಳುತ್ತಿದ್ದ ಗಂಟಲು. ಸವೆದಿತ್ತು, ನಿಜ. ಆದರೂ ಇತ್ತು.

*ಕೆರೆಗೋದ ಜಾಣೆ ಕೊಡ ಮರೆತು ಬಂದಾಳೆ...*

ಸೋಬಾನೆಯಲ್ಲಿ ಒಬ್ಬಳು ಹೇಳಿದ್ದನ್ನು ಮಿಕ್ಕವರು ಹೇಳಬೇಕು, ಅದು ಕ್ರಮ. ಪ್ಲೇಟಿನೊಳಗಿನ ನಾಲ್ವರ ಜೊತೆಗೆ ಮನೆಯೊಳಗಿನ ಹೆಂಗಸರೂ ತಾವಾಗಿ ದನಿಗೂಡಿಸಿದರು. ಪಿಳ್ಳಮ್ಮ ತಲೆ ಆಡಿಸುತ್ತ ತುಟಿ ಅಲ್ಲಾಡಿಸುತ್ತಿದ್ದಳು. ಎರಡನೇ ಸುತ್ತಿಗೆ ಹಾಡು ಮತ್ತೆ ಕೆರೆಗೆ ಬಂತು. ಒಡೆದ ಜಾಡಿಗೆ ಮುಳ್ಳು ಸಿಕ್ಕಿಕೊಂಡಿತು.

*ಕೊಡ ಮರೆತು... ಕೊಡ ಮರೆತು... ಕೊಡ ಮರೆತು...*

"ಬಂದಾಳೆ," ಎಂದರು ಹೆಂಗಸರು. ಪ್ಲೇಟು ಮತ್ತೆ ಕೊಡ ಮರೆಯಿತು. "ಬಂದಾಳೆ," ಎಂದರು ಮತ್ತೆ. ಹೇಳಿದ್ದಕ್ಕೆಲ್ಲ ಓಗೊಡಬೇಕಲ್ಲ. ಆರು ಸಲ, ಎಂಟು ಸಲ. ಯಾರಿಗೂ ಮಿಷನ್ ಕೆಟ್ಟಿತೆಂದು ಅನ್ನಿಸಲಿಲ್ಲ. "ಇವ್ಳೂ ದಿನಾ ಇಂಗೇ ಮರೀತಿದ್ರೆ ಗಂಡನ್ ಮನೇಲಿ ಬಾಳಿದ ಹಾಗೇಯ ಕಣಮ್ಮೋ," ಎಂದು ಒಬ್ಬಳು ದಿವ್ಯಾಳ ಕೆನ್ನೆಗೆ ಅರಿಸಿನ ತಿಕ್ಕಿದಳು. ನಗು ಎದ್ದಿತು.

ಬಾಗಿಲಲ್ಲಿ ನಿಂತಿದ್ದ ಸಂಗಣ್ಣ ಬೆರಳಿನಲ್ಲಿ ಸನ್ನೆ ಮಾಡಿದ. ಚೂರು ಭಾರ ಏರಿಸಿದರೆ ದಾಟುತ್ತದೆ. ಶ್ಯಾಮಣ್ಣನಿಗೂ ಅದು ಗೊತ್ತು. ಅವನ ಕೈ ಮುಳ್ಳಿನ ತಲೆಯವರೆಗೂ ಹೋಯಿತು. ಒತ್ತಿದರೆ ಹಾಡು ಮುಂದಕ್ಕೆ ಹೋಗುತ್ತದೆ, ಆದರೆ ಆ ಜಾಗದಲ್ಲಿ ಇನ್ನು ಹಾಡು ಉಳಿಯುವುದಿಲ್ಲ. ಒತ್ತದಿದ್ದರೆ ಫೋನಿನಲ್ಲಿ ಉಳಿಯುವುದು ಬರೀ ಕೊಡ ಮರೆತದ್ದು. ಯಾವುದು ಕಾಯುವುದು, ಯಾವುದು ತಿನ್ನುವುದು? ಅವನ ಬೆರಳು ಗಾಳಿಯಲ್ಲೇ ನಿಂತಿತು.

ಆಗ ಮಣೆಯ ಪಕ್ಕದಿಂದ ಬೀಸೋಕಲ್ಲು ತಿರುಗಿತು.

*ಕೊಡ ತರಲು ಹೋಗಿ ಕೆರೆಯನ್ನೆ ತಂದಾಳೆ...*

ಪಿಳ್ಳಮ್ಮನಿಗೆ ಕಾದು ಸಾಕಾಗಿತ್ತೋ, ಮುಂದಿನ ಸಾಲು ಬಾಯಿಗೆ ಬಂದುಬಿಟ್ಟಿತೋ, ಹೇಳಿಬಿಟ್ಟಿದ್ದಳು. "ಕೆರೆಯನ್ನೆ ತಂದಾಳೆ," ಎಂದರು ಹೆಂಗಸರು, ಒಂದು ಕ್ಷಣವೂ ತಡೆಯದೆ. ಶ್ಯಾಮಣ್ಣ ಹಿಡಿಯನ್ನು ಮೇಲಕ್ಕೆ ತಳ್ಳಿದ. ಮುಳ್ಳು ಪ್ಲೇಟನ್ನು ಬಿಟ್ಟು ಮೆಲ್ಲಗೆ ಎದ್ದಿತು. ಯಾರೂ ತಿರುಗಿ ನೋಡಲಿಲ್ಲ. ಹಾಡು ಗೊರಗೊರ ಎನ್ನುತ್ತ ಕೆರೆಯಿಂದ ಹೊಲಕ್ಕೆ, ಹೊಲದಿಂದ ಅತ್ತೆಮನೆ ಬಾಗಿಲಿಗೆ ಹೋಗಿ ಮುಗಿಯಿತು. ದಿವ್ಯಾ ಬಗ್ಗಿ ಫೋನು ನಿಲ್ಲಿಸಿದಳು.

ಪಿಳ್ಳಮ್ಮ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು ತಮ್ಮನ ಕಡೆ ನೋಡಿದಳು.

"ಮಿಷನ್ನು ವಾಸಿ ಕಣೋ ಶ್ಯಾಮ. ಚೆನ್ನ್ಯಾಗ್ ಬಂತು. ಕಡೇಲಿ ಯಾಕೋ ವಸಿ ಗೊರಗೊರ ಅಂತು. ಪ್ಲೇಟ್ ಸವೆದೈತಾ?"

ಅವಳು ನಗುತ್ತಿದ್ದಾಳೋ, ನಿಜವಾಗಿಯೇ ಕೇಳುತ್ತಿದ್ದಾಳೋ ಅವನಿಗೆ ತಿಳಿಯಲಿಲ್ಲ. ಎಪ್ಪತ್ತು ವರ್ಷದಿಂದ ನೋಡಿದ ಮುಖ, ಆದರೂ ತಿಳಿಯಲಿಲ್ಲ.

"ಸವೆದೈತೆ ಅಕ್ಕಯ್ಯ," ಎಂದ. "ನಾನೇ ಸವೆಸಿದ್ದು."

"ಅಂಗಾ," ಎಂದಳು ಪಿಳ್ಳಮ್ಮ. ಅರಿಸಿನದ ಬಟ್ಟಲನ್ನು ಹತ್ತಿರಕ್ಕೆ ಎಳೆದುಕೊಂಡಳು. "ಇನ್ನೊಂದ್ ಮಗ್ಗುಲು ಆಕು, ನೋಡಾನ."

ಶ್ಯಾಮಣ್ಣ ಪ್ಲೇಟಿನ ಅಂಚನ್ನು ಎರಡು ಅಂಗೈಗಳ ನಡುವೆ ಹಿಡಿದು ತಿರುವಿ ಹಾಕಿದ. ಹೆಂಗಸರು ಮೊಣಕಾಲು ಸರಿಮಾಡಿಕೊಂಡು ಕೂತರು. ಈ ಸಲ ಹಾಡು ಮುಗಿಸುವುದು ಪ್ಲೇಟೋ ಅಕ್ಕಯ್ಯನೋ ಎಂಬುದು ಗೊತ್ತಿಲ್ಲದೆಯೇ ಅವನು ಹಿಡಿಯ ಮೇಲೆ ಬೆರಳಿಟ್ಟ.